ಕಂತು ಕಟ್ಟಿದರೆ ಅಗ್ಗವಾಗುತ್ತಾ?

ಹೊಸನಗರದ ಅತ್ತೆಯನ್ನು ಕರ್ಕೊಂಡು ಹುಲಿಕಲ್ ಘಾಟಿ ಇಳಿದು ಕರಾವಳಿಯ ಒಂದು ಖಾಸಗಿ ಆಸ್ಪತ್ರೆಗೆ ಹೋಗಿದ್ದೆ. ಅಡ್ಮಿಟ್ ಆಗುವಂಥದ್ದೇನಲ್ಲ, ಬಿಪಿ, ಶುಗರ್, ಜೊತೆಗೆ ಕಾಲುನೋವು. ಡಾಕ್ಟರ್ ಫೀಸು, ರಕ್ತಪರೀಕ್ಷೆ, ಎಕ್ಸ್‌ರೇ, ಮೂರು ತಿಂಗಳ ಮಾತ್ರೆ ಎಲ್ಲ ಸೇರಿ 6,000 ದಾಟಿತು. ಕೌಂಟರಿನಲ್ಲಿ ಒಂದು ಸ್ಟಿಕ್ಕರ್: ಬಡ್ಡಿಯಿಲ್ಲದ ಕಂತು, ಎರಡೇ ನಿಮಿಷ. ನಾನು ಫೋನ್ ತೆಗೆದೆ.

"ಎಂತದೋ ಅದು? ಅಡಿಕೆ ಮಂಡಿಯಲ್ಲಿರೋ ಸಾಲ ಸಾಲದಾ?" ಅಂದ್ರು ಅತ್ತೆ.

ಆಸ್ಪತ್ರೆ ಬಿಲ್ಲಿಗೆ ಸಾಲ ಕೊಡುವ ಸ್ಟಾರ್ಟಪ್‌ಗಳು "ಚಿಕಿತ್ಸೆ ಎಲ್ಲರ ಕೈಗೆಟುಕುವಂತೆ ಮಾಡ್ತೀವಿ" ಅನ್ನುತ್ತವೆ. ಆದರೆ ಬಿಲ್ಲು ಒಂದು ರೂಪಾಯಿಯೂ ಇಳಿಯೋದಿಲ್ಲ, ಮುಂದಿನ ತಿಂಗಳುಗಳಿಗೆ ಹಂಚಿಹೋಗುತ್ತೆ ಅಷ್ಟೆ. ಶೂನ್ಯ ಬಡ್ಡಿ ಅನ್ನೋದೇ ಇಲ್ಲ, ಅದು ಪ್ರೊಸೆಸಿಂಗ್ ಫೀಸಿನಲ್ಲಿ ಅಡಗಿರುತ್ತೆ ಅಂತ ರಿಸರ್ವ್ ಬ್ಯಾಂಕ್ 2013ರಲ್ಲೇ ಬ್ಯಾಂಕುಗಳಿಗೆ ಎಚ್ಚರಿಸಿತ್ತು. 2022ರ ಡಿಜಿಟಲ್ ಸಾಲದ ನಿಯಮಗಳು ಬಂದಮೇಲೆ ವರ್ಷದ ಒಟ್ಟು ವೆಚ್ಚವನ್ನು ಮೊದಲೇ ತೋರಿಸಬೇಕು. ಒಳ್ಳೆಯದೇ. ಆದರೆ ಅತ್ತೆಯ ಕಷ್ಟ ಅದಲ್ಲ.

ಹಲ್ಲಿನ ರೂಟ್ ಕೆನಾಲ್ ಒಂದು ಸಲದ ಖರ್ಚು. ಅದಕ್ಕೆ ಸಾಲ ಸರಿ, ಚಿನ್ನ ಅಡವಿಡೋದಕ್ಕಿಂತ ವಾಸಿ. ಶುಗರ್ ಮಾತ್ರೆ ಹಾಗಲ್ಲ. ಮೂರು ತಿಂಗಳ ಕಂತು ಮುಗಿಯುವ ಹೊತ್ತಿಗೆ ಮಾತ್ರೆಯೂ ಮುಗಿದಿರುತ್ತೆ. ಮತ್ತೆ ಬಿಲ್ಲು, ಮತ್ತೆ ಸಾಲ. ಇನ್ನು ತಿಂಗಳ ಕಂತು ಅನ್ನೋದು ನಮ್ಮಂಥ ಸಂಬಳದವರ ಲೆಕ್ಕ. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ತೋಟದ ಮನೆಗೆ ದೊಡ್ಡ ದುಡ್ಡು ಬರೋದು ಅಡಿಕೆ ಕೊಯ್ದು, ಸುಲಿದು, ಒಣಗಿಸಿ ಮಂಡಿಗೆ ಹಾಕಿದ ಮೇಲೆ. ಮಳೆಗಾಲದ ಕಂತನ್ನು ಎಲ್ಲಿಂದ ಕಟ್ಟೋದು? ಆಗ ಜನ ಮೊದಲು ನಿಲ್ಲಿಸೋದು ಕಂತನ್ನಲ್ಲ, ಮಾತ್ರೆಯನ್ನು. ಅತ್ತೆ ದಿನ ಬಿಟ್ಟು ದಿನ ನುಂಗುತ್ತಿದ್ದರು ಅನ್ನೋದು ನನಗೆ ಗೊತ್ತಾಗಿದ್ದೇ ಅವತ್ತು, ಡಾಕ್ಟರ್ ಎದುರಿಗೆ.

ಇದಕ್ಕೆ ಹೊಸ ಆ್ಯಪ್‌ಗಿಂತ ಹಳೆಯ ದಾರಿ ಚೆನ್ನಾಗಿದೆ. 2003ರಲ್ಲಿ ಶುರುವಾದ ಯಶಸ್ವಿನಿ ಯೋಜನೆ, ಸಹಕಾರ ಸಂಘದ ಸದಸ್ಯರಿಂದ ವರ್ಷಕ್ಕೆ 60 ರೂಪಾಯಿ ಪಡೆದು ಶಸ್ತ್ರಚಿಕಿತ್ಸೆ ಮಾಡಿಸಿತು. 2018ರಲ್ಲಿ ನಿಂತು, 2022ರಲ್ಲಿ ಮತ್ತೆ ಬಂತು. ಕಾಯಿಲೆ ಬೀಳುವ ಮೊದಲೇ ಹಳ್ಳಿಯವರು ಒಟ್ಟಾಗಿ ದುಡ್ಡು ಹಾಕ್ತಾರೆ ಅಂತ ಅದು ತೋರಿಸಿಕೊಟ್ಟಿದೆ. ಅದರ ಕೊರತೆ ಅಂದ್ರೆ ಅಡ್ಮಿಟ್ ಆಗದ ರೋಗಿಯ ಮಾತ್ರೆ, ರಕ್ತಪರೀಕ್ಷೆ. ಸ್ಟಾರ್ಟಪ್‌ನವರು ತುಂಬಬೇಕಾದ ಜಾಗ ಅದೇ: ಅಡಿಕೆ ದುಡ್ಡು ಕೈಗೆ ಬಂದಾಗ ಸಂಘದ ಮೂಲಕ ವರ್ಷಕ್ಕೊಂದೇ ಸಲ ಹಣ ತಗೊಳ್ಳಿ, ಹತ್ತಾರು ಊರುಗಳ ಪರವಾಗಿ ಲ್ಯಾಬಿನ ಜೊತೆ ದರ ಚೌಕಾಸಿ ಮಾಡಿ, ಜನೌಷಧಿ ಮಾತ್ರೆಯನ್ನು ಊರಿಗೇ ತಲುಪಿಸಿ. ಆಗ ಬಿಲ್ಲು ನಿಜವಾಗಿ ಇಳಿಯುತ್ತೆ.

ಇದರಲ್ಲಿ ಬಡ್ಡಿಯ ಲಾಭ ಇಲ್ಲ, ಹೂಡಿಕೆದಾರರಿಗೆ ರುಚಿಸಲಿಕ್ಕಿಲ್ಲ. ಆದರೆ ಸಾಲ ಮಾರುವುದಾದರೆ ಅದನ್ನು ಸಾಲ ಅಂತಲೇ ಕರೆಯಲಿ, ಅಗ್ಗದ ಚಿಕಿತ್ಸೆ ಅನ್ನೋದು ಬೇಡ.

ಅವತ್ತಿನ ಬಿಲ್ಲು ನಾನೇ ಕಟ್ಟಿದೆ. ಬೆಂಗಳೂರಲ್ಲಿ ಸಂಬಳ ತರುವ ಅಳಿಯ ಇಲ್ಲದ ಅತ್ತೆಯಂದಿರು ಆ ಸ್ಟಿಕ್ಕರ್ ಮುಂದೆ ಏನು ಮಾಡ್ತಾರೆ?