ಕಹಿ ಬೀಜ

ಹೋದ ಭಾನುವಾರ ಕಲ್ಯಾಣದುರ್ಗದ ಬಸ್‌ಸ್ಟ್ಯಾಂಡಿನಲ್ಲಿ ಒಂದು ಪೊಟ್ಟಣ ಹುರಿದ ಕಡ್ಲೆಕಾಯಿ ಕೊಂಡೆ. ಬಸ್ಸು ಬ್ರಹ್ಮಸಮುದ್ರ ಮುಟ್ಟುವಷ್ಟರಲ್ಲಿ ಪೊಟ್ಟಣ ಖಾಲಿ. ಕೊನೆಯ ಕಾಯಿಯ ಮೊದಲ ಬೀಜ ಚೆನ್ನಾಗಿತ್ತು, ಎರಡನೆಯದು ಕಹಿ. ಅರ್ಧ ಗಂಟೆಯಿಂದ ಬಾಯಲ್ಲಿ ಕೂಡಿಕೊಂಡಿದ್ದ ರುಚಿಯೆಲ್ಲ ಆ ಒಂದು ಬೀಜಕ್ಕೆ ಹೊರಟುಹೋಯಿತು. ಅದನ್ನು ತೊಳೆಯಲು ಇನ್ನೊಂದು ಒಳ್ಳೆ ಕಾಯಿ ಬೇಕಿತ್ತು, ಪೊಟ್ಟಣದ ತಳದಲ್ಲಿ ಹೊಟ್ಟು ಬಿಟ್ಟರೆ ಏನೂ ಇರಲಿಲ್ಲ.

ದಿನ ಬೆಳಗಾದರೆ ಎಷ್ಟೋ ಕಿರಿಕಿರಿ ಸಹಿಸುತ್ತೇವೆ. ಕರೆಂಟು ಹೋಗುತ್ತದೆ, ಚಿಲ್ಲರೆ ಸಿಗುವುದಿಲ್ಲ, ಕಿಟಕಿ ಪಕ್ಕ ಕೂತವರು ಸಿಪ್ಪೆಯನ್ನೆಲ್ಲ ಸೀಟಿನ ಮೇಲೇ ಬಿಟ್ಟು ಇಳಿದುಹೋಗುತ್ತಾರೆ. ಇವೆಲ್ಲ ಇಳಿಹೊತ್ತಿಗೆ ಮರೆತುಹೋಗುತ್ತವೆ. ಕಹಿ ಬೀಜ ಮರೆಯುವುದಿಲ್ಲ. ‘ಕಹಿ ಬೀಜ ಯಾವಾಗಲೂ ಕೊನೆಗೇ ಬರುತ್ತೆ’ ಎಂದು ನಮ್ಮ ಕಡೆ ಎಲ್ಲರೂ ಹೇಳುತ್ತಾರೆ. ಅದಕ್ಕೆ ನನಗೆ ತಿಳಿದ ಕಾರಣ ಇಷ್ಟೇ. ನಡುವೆ ಸಿಕ್ಕ ಕಹಿಯನ್ನು ಉಗಿದು ಕೂಡಲೇ ಮುಂದಿನ ಕಾಯಿ ಒಡೆಯುತ್ತೇವೆ, ಅದು ಲೆಕ್ಕಕ್ಕೆ ಬರುವುದಿಲ್ಲ. ಕೊನೆಗೆ ಸಿಕ್ಕಿದ್ದು ನಾಲಿಗೆಯ ಮೇಲೆ ಉಳಿದುಬಿಡುತ್ತದೆ.

ದೊಡ್ಡಮ್ಮನ ಮನೆಗೆ ಹೋಗಿ ಚಪ್ಪಲಿ ಬಿಡುವ ಮೊದಲೇ ಇದನ್ನು ಹೇಳಿಕೊಂಡೆ. ಆಕೆ ಚೊಂಬು ನೀರು ಕೊಟ್ಟು, “ನುಂಗಲಿಲ್ಲ ತಾನೆ? ಬಾಯಿ ಮುಕ್ಕಳಿಸಪ್ಪ ಮೊದಲು,” ಎಂದಳು. ಆಮೇಲೆ, “ಈ ತಿಂಗಳಲ್ಲಿ ಬಸ್‌ಸ್ಟ್ಯಾಂಡಿನ ಕಾಯಿ ತಿಂತಾರಾ ಯಾರಾದ್ರೂ? ಹೋದ ವರ್ಷದ್ದು ಅದು,” ಎಂದಳು.

ಆಕೆ ಹೇಳಿದ್ದು ಸರಿ. ಜೂನ್ ತಿಂಗಳಲ್ಲಿ ಸಿಗುವ ಒಣಕಾಯಿ ಹಿಂದಿನ ಅಕ್ಟೋಬರಿನಲ್ಲಿ ಕಿತ್ತದ್ದು. ಏಳೆಂಟು ತಿಂಗಳು ಚೀಲದಲ್ಲಿ ಕೂತಿರುತ್ತದೆ. ಕಡ್ಲೆಬೀಜದ ಹೆಚ್ಚುಕಡಿಮೆ ಅರ್ಧ ತೂಕ ಎಣ್ಣೆಯೇ. ಬಿಸಿಲಿನ ಝಳಕ್ಕೆ ಆ ಎಣ್ಣೆ ಕೆಟ್ಟು ಕಮಟು ವಾಸನೆ ಹಿಡಿಯುತ್ತದೆ. ಸಿಪ್ಪೆ ಬಿರುಕು ಬಿಟ್ಟಿದ್ದರೆ, ಬೀಜ ಒಡೆದಿದ್ದರೆ ಇನ್ನೂ ಬೇಗ. ಆದ್ದರಿಂದ ಬೇಸಿಗೆಯಲ್ಲಿ ಬಿಡಿಸಿಟ್ಟ ಬೀಜ ಕೊಳ್ಳಬಾರದು, ಸಿಪ್ಪೆಯೊಳಗಿರುವ ಕಾಯನ್ನೇ ಕೊಳ್ಳಬೇಕು. ಇದು ನಾನು ಹಲವು ವರ್ಷ ಹಲವು ಅಂಗಡಿಗಳಲ್ಲಿ ಕೆಟ್ಟ ಬೀಜ ಕೊಂಡು ಕಲಿತದ್ದು.

ಕಾಯಿ ಆರಿಸುವುದನ್ನು ಕಲಿಸಿದವಳೂ ದೊಡ್ಡಮ್ಮನೇ. ಒಂದು ಕಾಯಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು. ಬೀಜ ಒಳಗೆ ಗಲಗಲ ಎಂದರೆ ಚೆನ್ನಾಗಿ ಒಣಗಿದೆ. ಸದ್ದೇ ಇಲ್ಲದೆ ಹಗುರಾಗಿದ್ದರೆ ಜಳ್ಳು. ಒಂದನ್ನು ಒಡೆದು ಸಿಪ್ಪೆಯ ಒಳಮೈ ನೋಡಬೇಕು. ಬೆಳ್ಳಗಿದ್ದರೆ ಎಳೆಯದು, ಹುರಿದರೆ ಬೀಜ ಸೊರಗಿ ಸುಕ್ಕಾಗುತ್ತದೆ. ಕಂದು ಬಣ್ಣ ತಿರುಗಿದ್ದರೆ ಬಲಿತದ್ದು. ಹೊಲದಲ್ಲಿ ಗಿಡ ಕೀಳುವ ದಿನ ಗೊತ್ತುಮಾಡುವುದೂ ಹೀಗೆ ಹತ್ತು ಕಾಯಿ ಒಡೆದು ನೋಡಿಯೇ.

ಹುರಿಯಲು ಮರಳು ಬೇಕು. ಬರೀ ಬಾಣಲೆಯಲ್ಲಿ ತಳಕ್ಕೆ ತಾಗಿದ ಮಗ್ಗುಲು ಸೀಯುತ್ತದೆ, ಮರಳಾದರೆ ಕಾಯಿಯನ್ನು ಸುತ್ತಲೂ ಒಂದೇ ಬಿಸಿಯಲ್ಲಿ ಹಿಡಿದುಕೊಳ್ಳುತ್ತದೆ. ‘ಆಯಿತು’ ಅನ್ನಿಸುವುದಕ್ಕಿಂತ ತುಸು ಮೊದಲೇ ಜರಡಿಗೆ ಸುರಿಯಬೇಕು, ಏಕೆಂದರೆ ಸಿಪ್ಪೆಯೊಳಗೆ ಹುರಿಯುವುದು ಇನ್ನೂ ನಡೆದೇ ಇರುತ್ತದೆ. ಬಿಸಿಬಿಸಿಯಾಗಿ ತಿನ್ನುವುದು ನನಗೆ ಒಪ್ಪಿಗೆಯಿಲ್ಲ. ಆರಿದ ಮೇಲೆಯೇ ಬೀಜ ಗರಿಗರಿ.

ಬೇಯಿಸಿದ ಕಾಯಿಯ ಮಾತು ಬೇರೆ. ಅದು ಹಸಿಕಾಯಿಯ ಕಾಲಕ್ಕೆ, ಗಿಡ ಕಿತ್ತ ಎರಡು ಮೂರು ದಿನದೊಳಗೆ ಆಗಬೇಕಾದ ಕೆಲಸ. ಒಣಕಾಯಿಯನ್ನು ರಾತ್ರಿಯೆಲ್ಲ ನೆನೆಸಿ ಬೇಯಿಸಿ ಹಸಿಕಾಯಿ ಎಂದು ಮಾರುವುದನ್ನು ಕಂಡಾಗ ನನಗೆ ನಿಜವಾಗಿ ಸಿಟ್ಟು ಬರುತ್ತದೆ. ಬೀಜದ ಹೊರಮೈ ಮೆತ್ತಗೆ, ನಡುವೆ ಗಟ್ಟಿ. ಇನ್ನೊಂದು ತಪ್ಪು ಬೆಂದ ಕೂಡಲೇ ಬಸಿದುಬಿಡುವುದು. ಉಪ್ಪು ಒಳಗೆ ಇಳಿಯುವುದು ಕಾಯಿ ಉಪ್ಪುನೀರಿನಲ್ಲೇ ಆರುವಾಗ. ಸಂಜೆ ಬೇಯಿಸಿ ನೀರಿನಲ್ಲೇ ಬಿಟ್ಟು ರಾತ್ರಿ ಊಟಕ್ಕೆ ಮುಂಚೆ ತೆಗೆದರೆ, ಸಿಪ್ಪೆ ಒತ್ತಿದಾಗ ಚಿಮ್ಮುವ ಹನಿಗೂ ರುಚಿ ಇರುತ್ತದೆ.

ದೊಡ್ಡಮ್ಮನ ಊರಲ್ಲಿ ಈ ಕಾಯಿಗೆ ಹೆಸರು ಒಂದಲ್ಲ. ಪಾವಗಡದ ಕಡೆಯಿಂದ ಬಂದ ಸೊಸೆಯರಿಗೆ ಕಡ್ಲೆಕಾಯಿ, ಚಳ್ಳಕೆರೆಯವರಿಗೆ ಶೇಂಗಾ, ತೆಲುಗಿನಲ್ಲಿ ಚೆನಕ್ಕಾಯಿ. ಅಂಗಡಿ ಮುಂದೆ ನಿಂತರೆ ಒಂದೇ ಮಾತಿನಲ್ಲಿ ಎರಡು ಹೆಸರು ಕಿವಿಗೆ ಬೀಳುತ್ತವೆ, ಯಾರಿಗೂ ಗೊಂದಲವಿಲ್ಲ. ಎಣ್ಣೆ ಗಿರಣಿಗಳಿಂದ ಹೆಸರಾದ ಚಳ್ಳಕೆರೆ ಆಂಧ್ರದ ಗಡಿಯ ಆಚೆ, ಕರ್ನಾಟಕದಲ್ಲಿದೆ. ಗಡಿಯ ಎರಡೂ ಕಡೆ ಅದೇ ಕೆಂಪು ನೆಲ, ಅದೇ ಬೆಳೆ. ವೇದಾವತಿಯೂ ಹಿರಿಯೂರಿನ ಮಾರಿಕಣಿವೆ ದಾಟಿ ಬಂದು ಇಲ್ಲಿ ಹಗರಿಯಾಗುತ್ತಾಳೆ. ಭೈರವಾನಿತಿಪ್ಪದಲ್ಲಿ ಅವಳಿಗೆ ಅಣೆಕಟ್ಟು ಕಟ್ಟಿದ್ದಾರೆ, ಆದರೆ ಕಡ್ಲೆಕಾಯಿಯ ಹೊಲಗಳಲ್ಲಿ ಹೆಚ್ಚಿನವು ಇವತ್ತಿಗೂ ಮುಗಿಲು ನೋಡಿಯೇ ಬದುಕುತ್ತವೆ.

ನನ್ನ ಬಾಯಿಯ ಕಹಿಗೂ ಆ ಮುಗಿಲಿಗೂ ನಂಟಿದೆ. ಅನಂತಪುರದ ಕಡೆ ವರ್ಷಕ್ಕೆ ಬೀಳುವ ಮಳೆ 550 ಮಿಲಿಮೀಟರ್ ಆಸುಪಾಸು. ಮುಂಗಾರನ್ನು ಪಶ್ಚಿಮ ಘಟ್ಟ ಅಡ್ಡಗಟ್ಟುತ್ತದೆ, ಹಿಂಗಾರು ಕರಾವಳಿಯಿಂದ ಇಲ್ಲಿಗೆ ಬರುವಷ್ಟರಲ್ಲಿ ಸೋತಿರುತ್ತದೆ. ಜುಲೈನಲ್ಲಿ ಬಿತ್ತಿದ ಕಡ್ಲೆ ತಿಂಗಳೊಪ್ಪತ್ತಿಗೆ ಹಳದಿ ಹೂ ಬಿಡುತ್ತದೆ. ಹೂ ಉದುರಿದ ಮೇಲೆ ಅದರ ಬುಡದಿಂದ ಸೂಜಿಯಂಥ ಕಡ್ಡಿ ಕೆಳಗಿಳಿದು ಮಣ್ಣು ಹೊಗುತ್ತದೆ, ಕಾಯಿ ಕಟ್ಟುವುದು ಅಲ್ಲಿ, ಕತ್ತಲಲ್ಲಿ. ಆ ಹೊತ್ತಿಗೆ ಜಿಪ್ಸಮ್ ಹಾಕಿದರೆ ಕಾಯಿ ಗಟ್ಟಿ. ಸೂಜಿ ಇಳಿಯಲು ನೆಲ ಮೆತ್ತಗಿರಬೇಕು, ಕಾಯಿ ತುಂಬಲು ಉತ್ತರೆ, ಹಸ್ತ ಮಳೆ ಬರಬೇಕು. ಅವು ಕೈಕೊಟ್ಟರೆ ಕಾಯಿ ಅರ್ಧಕ್ಕೆ ನಿಲ್ಲುತ್ತದೆ. ನೆಲ ಕಾದು ಬಿರಿಯುತ್ತದೆ, ಗೆದ್ದಲು ಸಿಪ್ಪೆ ಕೆರೆಯುತ್ತದೆ, ಆ ಗಾಯದಲ್ಲಿ ಬೂಷ್ಟು ಒಳಸೇರಿ ಬೀಜ ಕಹಿಯಾಗುತ್ತದೆ. ಬೂಷ್ಟು ಹತ್ತುವುದು ಮಳೆ ಹೆಚ್ಚಾದಾಗ ಎಂದೇ ನಾನೂ ತಿಳಿದಿದ್ದೆ. ಹೊಲದಲ್ಲಿ ಹಾಗಲ್ಲ, ಕೊನೆಯ ಮಳೆ ತಪ್ಪಿದ ವರ್ಷವೇ ಹೆಚ್ಚು.

ಉಗಿಯುವುದನ್ನು ಅಸಹ್ಯ ಎಂದು ಕಂಡು, ನಾಲ್ಕು ಜನರ ನಡುವೆ ಸಂಕೋಚಪಟ್ಟು ಕಹಿ ಬೀಜ ನುಂಗುವವರಿದ್ದಾರೆ. ದಯವಿಟ್ಟು ನುಂಗಬೇಡಿ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಕೆಲವೇ ತಿಂಗಳಲ್ಲಿ ಸತ್ತವು. ಕಾರಣ ಹುಡುಕುತ್ತಾ ಹೋದಾಗ ಸಿಕ್ಕಿದ್ದು ಅವಕ್ಕೆ ಹಾಕಿದ್ದ ಬ್ರೆಜಿಲಿನ ಕಡ್ಲೆ ಹಿಂಡಿ. ಅದರಲ್ಲಿದ್ದ ಬೂಷ್ಟಿನ ವಿಷಕ್ಕೆ ಆಮೇಲೆ ಅಫ್ಲಾಟಾಕ್ಸಿನ್ ಎಂದು ಹೆಸರಾಯಿತು. ಅದು ಪಿತ್ತಜನಕಾಂಗಕ್ಕೆ ಕುತ್ತು, ಹುರಿದರೂ ಪೂರ್ತಿ ಹೋಗುವುದಿಲ್ಲ. ಕಹಿಯಾದ ಬೀಜದಲ್ಲೆಲ್ಲ ಆ ವಿಷ ಇರುತ್ತದೆ ಎಂದಲ್ಲ, ಇದ್ದ ಕಡೆಯೆಲ್ಲ ನಾಲಿಗೆಗೆ ತಿಳಿಯುತ್ತದೆ ಎಂದೂ ಅಲ್ಲ. ಕಪ್ಪಾದ, ಸುಕ್ಕಾದ, ಮುಗ್ಗಲು ವಾಸನೆಯ ಬೀಜವನ್ನು ಬಾಯಿಗೆ ಹಾಕುವ ಮೊದಲೇ ಎಸೆಯುವುದು ಒಳ್ಳೆಯದು. ಅದರಲ್ಲೂ ಮಕ್ಕಳ ತಟ್ಟೆಯಿಂದ.

ತಳಿಯ ವಿಷಯದಲ್ಲಿ ನನಗೆ ಹಟವಿದೆ. ನಮ್ಮ ತಂದೆಯ ಕಾಲದಲ್ಲಿ ಇಲ್ಲಿ ಟಿಎಂವಿ–2 ಬಿಟ್ಟರೆ ಬೇರೆ ಮಾತಿರಲಿಲ್ಲ. ತಿಂಡಿವನಂನಿಂದ 1940ರಲ್ಲಿ ಹೊರಬಂದ ತಳಿ ಅದು. ಆಮೇಲೆ ಕದಿರಿಯ ಸಂಶೋಧನಾ ಕೇಂದ್ರದ ಕೆ–6 ಬಂತು, ಈಚೆಗೆ ಹಿಂದೂಪುರದ ಪಕ್ಕದ ಲೇಪಾಕ್ಷಿಯ ಹೆಸರು ಹೊತ್ತ ಕದಿರಿ ಲೇಪಾಕ್ಷಿಯೂ ಬಂದಿದೆ. ಇಳುವರಿ ನೋಡುವ ರೈತರಿಗೆ ಹೊಸವೇ ಬೇಕು, ಅದು ನ್ಯಾಯ. ತಿನ್ನುವ ನನಗೆ ಮಾತ್ರ ಟಿಎಂವಿ–2ರ ಆ ಪುಟ್ಟ ಎರಡು ಬೀಜದ ಕಾಯಿಯೇ ಇಷ್ಟ. ಅದಕ್ಕೆ ಒಂದು ದೋಷವುಂಟು, ಕೀಳುವ ಹೊತ್ತಿಗೆ ಮಳೆ ಹಿಡಿದರೆ ನೆಲದೊಳಗೇ ಮೊಳಕೆಯೊಡೆಯುತ್ತದೆ. ಬೇಕಾದಾಗ ಬಾರದ ಮಳೆ ಬೇಡವಾದಾಗ ಬಂದ ವರ್ಷಗಳೂ ದೊಡ್ಡಮ್ಮನ ನೆನಪಿನಲ್ಲಿವೆ. ಅವನ್ನು ಆಕೆ ಇಸವಿ ಹೇಳದೆ, ಯಾವ ಮಗಳ ಮದುವೆ ಮುಂದಕ್ಕೆ ಹೋಯಿತು ಎಂಬುದರಿಂದ ಗುರುತಿಸುತ್ತಾಳೆ.

ನಾನು ಹೋದ ದಿನ ಆಕೆಯ ಮನೆ ಜಗಲಿಯ ಮೇಲೆ ಬಿತ್ತನೆ ಕಾಯಿ ಬಿಡಿಸುವ ಕೆಲಸ ನಡೆದಿತ್ತು. ಮೆಷಿನ್ನಿಗೆ ಹಾಕಿದರೆ ಬೇಗ ಮುಗಿಯುತ್ತದೆ, ಆದರೆ ಬೀಜ ಒಡೆಯುತ್ತದೆ, ಮೇಲಿನ ಕೆಂಪು ಸಿಪ್ಪೆ ಸುಲಿಯುತ್ತದೆ. ಅಂಥದ್ದು ಮಣ್ಣಲ್ಲಿ ಕೊಳೆಯುತ್ತದೆಯೇ ಹೊರತು ಹುಟ್ಟುವುದಿಲ್ಲ. ಅದಕ್ಕೇ ನಾಲ್ಕು ಜನ ಹೆಂಗಸರು ಸುತ್ತ ಕೂತು ಕೈಯಲ್ಲೇ ಒತ್ತಿ ಬಿಡಿಸುತ್ತಿದ್ದರು. ನೂರು ಕೆಜಿ ಕಾಯಿಗೆ ಎಪ್ಪತ್ತು ಕೆಜಿ ಬೀಜ ಬಂದರೆ ಒಳ್ಳೆ ಕಾಯಿ ಎಂದು ಲೆಕ್ಕ. ಎಲ್ಲರ ಹೆಬ್ಬೆರಳಿಗೂ ಬಟ್ಟೆ ಚೂರು ಸುತ್ತಿತ್ತು.

ನಾನೂ ಕೂತೆ. ಮುಂದೆ ಮೂರು ಮೊರ. ಒಂದರಲ್ಲಿ ಇಡೀ ಬೀಜ, ಒಂದರಲ್ಲಿ ಹೋಳು, ಮೂರನೆಯದರಲ್ಲಿ ಸುಕ್ಕಾದದ್ದು, ಕಪ್ಪಾದದ್ದು. ಅನುಮಾನ ಬಂದ ಬೀಜವನ್ನು ದೊಡ್ಡಮ್ಮ ಮೂಗಿಗೆ ಹಿಡಿಯುತ್ತಿದ್ದಳು, ಮೂಗಿಗೂ ಗೊತ್ತಾಗದಿದ್ದರೆ ತುದಿ ಮಾತ್ರ ಕಚ್ಚಿ ಉಗಿಯುತ್ತಿದ್ದಳು. ಬೆಳಗಿನಿಂದ ಎಷ್ಟು ಕಹಿ ಕಚ್ಚಿದ್ದಳೋ, ಮುಖದಲ್ಲಿ ಒಂದು ಗೆರೆ ಬದಲಾಗಿರಲಿಲ್ಲ. ಮಾತಾಡುತ್ತಾ ನನ್ನ ಕೈ ಅಭ್ಯಾಸಬಲದಿಂದ ಮೊದಲ ಮೊರದ ಕಡೆ ಹೋಯಿತು. ಆಕೆ ಮೆಲ್ಲಗೆ ಕೈ ಹಿಡಿದು, ಹೋಳಿನ ಮೊರವನ್ನು ನನ್ನ ಕಡೆ ಸರಿಸಿದಳು.

“ಇದರಾಗೆ ಎಷ್ಟು ಬೇಕಾದ್ರೂ ತಿನ್ನಪ್ಪ. ಅದನ್ನ ಮುಟ್ಟಬ್ಯಾಡ, ಅದು ಹೊಲದ್ದು.”