ಅಡವಿಟ್ಟ ಬಂಗಾರ, ಆಡದ ಮಾತು

ಸಂಕ್ರಾಂತಿಗೆ ಬಂದ ಮಗಳು ಎಳ್ಳು-ಬೆಲ್ಲದ ಡಬ್ಬಿಯ ಜೊತೆಗೆ ಒಂದು ಇಂಗ್ಲಿಷ್ ಪುಸ್ತಕವನ್ನೂ ತಂದಿದ್ದಳು. “ಅಮ್ಮಾ, ಒಬ್ಬ ಮಗಳು ತನ್ನ ಅಪ್ಪ-ಅಮ್ಮನ ಬಗ್ಗೆ ಬರೆದದ್ದು, ಓದು” ಎಂದಳು. ದಮನ್ ಸಿಂಗ್ ಅವರ ‘ಸ್ಟ್ರಿಕ್ಟ್‌ಲಿ ಪರ್ಸನಲ್: ಮನಮೋಹನ್ ಅಂಡ್ ಗುರುಶರಣ್’. 2014ರಲ್ಲಿ ಬಂದ ಪುಸ್ತಕ; ನನ್ನ ಕೈಗೆ ಬರುವ ಹೊತ್ತಿಗೆ ಮನಮೋಹನ್ ಸಿಂಗ್ ತೀರಿಕೊಂಡಾಗಿತ್ತು. ಅರ್ಥಶಾಸ್ತ್ರಜ್ಞರ ಕಥೆ ಕಟ್ಟಿಕೊಂಡು ನನಗೇನಾಗಬೇಕು ಎಂದು ಗೊಣಗುತ್ತಲೇ ತೆರೆದೆ. ಒಲೆಯ ಮೇಲಿನ ಹಾಲು ಉಕ್ಕಿದ್ದು ತಿಳಿಯಲಿಲ್ಲ.

ಓದಿಸಿಕೊಂಡು ಹೋಗುವುದು ಮನೆಯ ವಿವರಗಳು. 1932ರಲ್ಲಿ, ಇಂದು ಪಾಕಿಸ್ತಾನದಲ್ಲಿರುವ ಗಾಹ್ ಎಂಬ ಹಳ್ಳಿಯಲ್ಲಿ ಹುಟ್ಟಿದ ಹುಡುಗ. ಎಳವೆಯಲ್ಲೇ ತಾಯಿ ಹೋದರು, ಬೆಳೆಸಿದ್ದು ಅಜ್ಜಿ. 1947ರ ಗಲಭೆಯಲ್ಲಿ ಅಜ್ಜ ಕೊಲೆಯಾದರು, ಊರೇ ಕೈಬಿಟ್ಟುಹೋಯಿತು. ತಂದೆಗೆ ಮಗ ಡಾಕ್ಟರಾಗಲಿ ಎಂದಿತ್ತು. ಮಗ ಕೆಲವೇ ತಿಂಗಳಲ್ಲಿ ಆ ಓದು ಬಿಟ್ಟ. ಮುಂದೆ ವಿದ್ಯಾರ್ಥಿವೇತನದ ಬಲದಿಂದ ಕೇಂಬ್ರಿಜ್‌ಗೆ ಹೋದಾಗ, ದುಡ್ಡು ಸಾಲದ ರಾತ್ರಿ ಚಾಕೊಲೇಟೇ ಊಟ. ಇಷ್ಟೆಲ್ಲ ಕಂಡ ಮನುಷ್ಯನಿಗೆ ಮೊಟ್ಟೆ ಬೇಯಿಸಲು ಬಾರದು, ಟೀವಿ ಹಾಕಲು ಬಾರದು ಎಂದು ಮಗಳು ಹೇಳುತ್ತಾರೆ. ನಮ್ಮ ಮನೆಯವರದೂ ಅದೇ ಕಥೆ, ಕೇಂಬ್ರಿಜ್ ಒಂದು ಬಿಟ್ಟು. ಹೆಂಡತಿಗೆ ಅವರು ಇಟ್ಟ ಅಡ್ಡಹೆಸರು ‘ಗುರುದೇವ್’. ನಗದೇ ಗಂಭೀರವಾಗಿರುತ್ತಿದ್ದ ಆ ಮುಖದ ಹಿಂದೆ ಇಂಥ ತುಂಟತನವಿತ್ತೆಂದು ಯಾರು ಊಹಿಸಿದ್ದರು?

ಹೊರಗಿನ ಬದುಕು ಒಂದೊಂದೇ ಮೆಟ್ಟಿಲು ಹತ್ತಿದ್ದು. ಆಕ್ಸ್‌ಫರ್ಡಿನಲ್ಲಿ ಭಾರತದ ರಫ್ತಿನ ಮೇಲೆ ಸಂಶೋಧನೆ, ದೆಹಲಿಯಲ್ಲಿ ಪಾಠ, 1972ರಿಂದ ಹಣಕಾಸು ಸಚಿವಾಲಯದ ಮುಖ್ಯ ಆರ್ಥಿಕ ಸಲಹೆಗಾರ, 1982ರಿಂದ 1985ರವರೆಗೆ ರಿಸರ್ವ್ ಬ್ಯಾಂಕಿನ ಗವರ್ನರ್, ಆಮೇಲೆ ಯೋಜನಾ ಆಯೋಗದ ಉಪಾಧ್ಯಕ್ಷ. ಇಲ್ಲೇ ನನಗೊಂದು ಪ್ರಶ್ನೆ ಎದ್ದಿತು. ಲೈಸೆನ್ಸು, ಪರ್ಮಿಟ್ಟುಗಳ ಆ ದೊಡ್ಡ ಮನೆಯೊಳಗೆ ಇಪ್ಪತ್ತು ವರ್ಷ ಇದ್ದವರು ಇವರು. 1991ರಲ್ಲಿ ಅದರ ಗೋಡೆ ಒಡೆದವರೂ ಇವರೇ. ರಫ್ತಿನಲ್ಲಿ ನಂಬಿಕೆ ಇಡಬಹುದೆಂದು ಅರವತ್ತರ ದಶಕದಲ್ಲೇ ಬರೆದಿದ್ದವರು ಅಷ್ಟು ವರ್ಷ ಸುಮ್ಮನಿದ್ದದ್ದು ಹೇಗೆ? ನನಗೆ ಸಮಾಧಾನವಾಗುವಂಥ ಉತ್ತರ ಪುಸ್ತಕದಲ್ಲಿ ಸಿಗಲಿಲ್ಲ.

1991 ಎಂದರೆ ನನಗೆ ಬೇರೆಯೇ ನೆನಪು. ಆ ವರ್ಷ ಮನೆಯವರು ಕೆಲಸಕ್ಕಿದ್ದ ಮಿಲ್ಲಿನಲ್ಲಿ ನಾಲ್ಕು ತಿಂಗಳು ಸಂಬಳವಾಗಲಿಲ್ಲ. ತವರಿನಿಂದ ಬಂದಿದ್ದ ನಾಲ್ಕು ಬಳೆಗಳನ್ನು ಕರ್ಚೀಫಿನಲ್ಲಿ ಕಟ್ಟಿಕೊಂಡು ಬ್ಯಾಂಕಿಗೆ ಹೋಗಿ ಅಡವಿಟ್ಟು ಬಂದೆ. ಅದೇ ಜುಲೈನಲ್ಲಿ ಸರ್ಕಾರವೂ ಸುಮಾರು 47 ಟನ್ ಬಂಗಾರವನ್ನು ಇಂಗ್ಲೆಂಡ್ ಮತ್ತು ಜಪಾನಿನ ಬ್ಯಾಂಕುಗಳಿಗೆ ಅಡವಿಟ್ಟಿತು. ವಿದೇಶಿ ವಿನಿಮಯ ಎರಡೇ ವಾರದ ಆಮದಿಗೆ ಸಾಕಾಗುವಷ್ಟಿತ್ತು. ದೇಶಕ್ಕೆ ಅವಮಾನ ಎಂದು ಗಂಡಸರೆಲ್ಲ ಕಟ್ಟೆಯ ಮೇಲೆ ಕೂತು ಮಾತಾಡಿದರು. ಹೆಂಗಸರಾದ ನಮಗೆ ಅದರಲ್ಲಿ ಹೊಸದೇನಿತ್ತು, ನೀವೇ ಹೇಳಿ? ಕಷ್ಟಕ್ಕೆ ಆಗದ ಬಂಗಾರ ಯಾತಕ್ಕೆ? ಅವಮಾನ ಅಡವಿಡುವುದರಲ್ಲಿಲ್ಲ, ಬಿಡಿಸಿಕೊಳ್ಳಲಾಗದೆ ಹೋಗುವುದರಲ್ಲಿದೆ.

ದೇಶ ಬಿಡಿಸಿಕೊಂಡಿತು. ಆ ಶ್ರೇಯಸ್ಸನ್ನು ಮನಮೋಹನ್ ಸಿಂಗ್ ಅವರಿಗೆ, ಅವರ ಬೆನ್ನಿಗೆ ನಿಂತ ನರಸಿಂಹ ರಾವ್ ಅವರಿಗೆ ಕೊಡಲೇಬೇಕು. ರೂಪಾಯಿಯ ಬೆಲೆ ಇಳಿಸಿದರು. ಜುಲೈ 24ರಂದು ಬಜೆಟ್ ಮಂಡನೆಯಾಯಿತು, ಹೆಚ್ಚಿನ ಕೈಗಾರಿಕೆಗಳಿಗೆ ಲೈಸೆನ್ಸೇ ಬೇಡವಾಯಿತು. 2009ರಲ್ಲಿ, ಅವರು ಪ್ರಧಾನಿಯಾಗಿದ್ದಾಗ, ರಿಸರ್ವ್ ಬ್ಯಾಂಕ್ ಐಎಂಎಫ್‌ನಿಂದ 200 ಟನ್ ಬಂಗಾರ ಕೊಂಡಿತು. ಆದರೆ ಅದೇ ಬಜೆಟ್ಟಿನಲ್ಲಿ ಅಡುಗೆ ಅನಿಲ ಶೇಕಡಾ 20ರಷ್ಟು ಏರಿತ್ತು ಎಂಬುದನ್ನು ನಾನು ಮರೆತಿಲ್ಲ. ರಸಗೊಬ್ಬರದ ಏರಿಕೆಯನ್ನು ರೈತರ ಪರವಾಗಿ ಸಂಸದರು ಗಲಾಟೆ ಮಾಡಿ ಶೇಕಡಾ 40ರಿಂದ 30ಕ್ಕೆ ಇಳಿಸಿದರು. ಸಿಲಿಂಡರಿಗಾಗಿ ಗಲಾಟೆ ಮಾಡುವವರು ಯಾರು?

ನಮ್ಮ ಮಿಲ್ಲು 1994ರಲ್ಲಿ ಬಾಗಿಲು ಹಾಕಿತು. ಅದು ಬಜೆಟ್ಟಿಗೆ ಮೊದಲೇ ಕುಂಟುತ್ತಿತ್ತು, ಹಾಗಾಗಿ ಪೂರ್ತಿ ತಪ್ಪನ್ನು ದೆಹಲಿಯ ಮೇಲೆ ಹೊರಿಸಲಾರೆ. ನನ್ನ ತಮ್ಮನೇ ಆ ಹೊಸ ಗಾಳಿಯಲ್ಲಿ ಒಂದು ವರ್ಕ್‌ಶಾಪ್ ಹಾಕಿ ಗೆದ್ದ. ಬಾಗಿಲು ತೆರೆದವರು, ಮುಚ್ಚಿದ ಬಾಗಿಲಿನ ಮುಂದೆ ನಿಂತವರಿಗೆ ಒಂದು ಮಾತು ಹೇಳಬೇಕಿತ್ತು ಎನ್ನುವುದಷ್ಟೇ ನನ್ನ ತಕರಾರು.

ಮಾತು ಎಂದಾಗ ಈ ಪುಸ್ತಕದ ದೊಡ್ಡ ಕೊರತೆಗೆ ಬರಬೇಕು. ಕಥೆ 2004ಕ್ಕೆ, ಅವರು ಪ್ರಧಾನಿಯಾಗುವ ಹೊತ್ತಿಗೆ ನಿಂತುಬಿಡುತ್ತದೆ. ಮಾಹಿತಿ ಹಕ್ಕು ಮತ್ತು ಉದ್ಯೋಗ ಖಾತರಿಯ ಕಾಯಿದೆಗಳು ಬಂದ 2005 ಇಲ್ಲಿಲ್ಲ. ತರಂಗಾಂತರ, ಕಲ್ಲಿದ್ದಲು ಹಗರಣಗಳು ಸುತ್ತಿಕೊಂಡಾಗಿನ ಆ ಮೌನವೂ ಇಲ್ಲ. ಷೇರು ಹಗರಣವಾದಾಗ ರಾಜೀನಾಮೆ ಕೊಡಲು ಮುಂದಾಗಿದ್ದವರು, ಎರಡು ದಶಕದ ಮೇಲೆ ಇತಿಹಾಸ ತನ್ನ ಬಗ್ಗೆ ದಯೆ ತೋರೀತು ಎಂದಷ್ಟೇ ಹೇಳಿ ಎದ್ದುಹೋದರು. ಮಗಳಾಗಿ ದಮನ್ ಅವರ ಸಂಕೋಚ ನನಗೆ ಅರ್ಥವಾಗುತ್ತದೆ. ಬರಹಗಾರ್ತಿಯಾಗಿ ಅವರು ಆ ಹೊಸಿಲು ದಾಟಬೇಕಿತ್ತು. ಎಲ್ಲವನ್ನೂ ಹತ್ತಿರದಿಂದ ಕಂಡ ಗುರುಶರಣ್ ಅವರ ಮಾತಂತೂ ಇನ್ನಷ್ಟು ಬೇಕಿತ್ತು.

ಇದನ್ನೆಲ್ಲ ಮಗಳ ಮುಂದೆ ಜೋರಾಗಿಯೇ ಹೇಳಿದೆ. ಅವಳು ಅವರೆಕಾಳು ಹಿಸುಕುತ್ತಾ, “ಅಮ್ಮಾ, ನಿನ್ನ ತವರಿನ ಬಳೆ ಮದುವೆ ಮನೆಯಲ್ಲಿ ಕಳೆದುಹೋಯಿತು ಅಂತಿದ್ದೆಯಲ್ಲ, ಯಾರ ಮದುವೆ?” ಎಂದಳು.

ಸ್ವಲ್ಪ ಹೊತ್ತು ಸುಮ್ಮನಿದ್ದೆ. ಆಮೇಲೆ ಬ್ಯಾಂಕಿಗೆ ಹೋದದ್ದು, ಬಡ್ಡಿ ಕಟ್ಟಲಾಗದೆ ಬಳೆ ಹರಾಜಾದದ್ದು, ಆ ನೋಟೀಸನ್ನು ಅವಳಪ್ಪನಿಗೂ ತೋರಿಸದೆ ಅಕ್ಕಿ ಡಬ್ಬದಲ್ಲಿ ಮುಚ್ಚಿಟ್ಟದ್ದು, ಒಂದೊಂದಾಗಿ ಹೇಳಿದೆ. ಅವಳು ಕಾಳು ಹಿಸುಕುವುದನ್ನು ನಿಲ್ಲಿಸಿ ಕೇಳಿದಳು.