ಬಳೆ ಅಡವಿಟ್ಟ ಪುಟ

ಎ.ಪಿ.ಜೆ. ಅಬ್ದುಲ್ ಕಲಾಂ ಅವರ ಆತ್ಮಕಥೆ ‘ವಿಂಗ್ಸ್ ಆಫ್ ಫೈರ್’ 1999ರಲ್ಲಿ ಹೊರಬಂತು. ಅರುಣ್ ತಿವಾರಿ ಅವರೊಡನೆ ಸೇರಿ ಬರೆದ ಈ ಪುಸ್ತಕ ಕನ್ನಡಕ್ಕೂ ಉರ್ದುವಿಗೂ ಬಂದು ಮನೆಮಾತಾಯಿತು. ಶಾಲಾ ವಾರ್ಷಿಕೋತ್ಸವಗಳಲ್ಲಿ ಇದನ್ನು ಬಹುಮಾನವಾಗಿ ಕೊಡುತ್ತಾರೆ. ಕೊಟ್ಟಷ್ಟು ಮಂದಿ ಓದಿದ್ದಾರೆಯೇ ಎಂಬ ಸಂಶಯ ನಮಗೆ ಮೊದಲಿಂದಲೂ ಇತ್ತು. ಕಳೆದ ಮಳೆಗಾಲದಲ್ಲಿ ಮಾಸ್ತಿಕಟ್ಟೆಯ ನೆಂಟರ ಮನೆಯಲ್ಲಿ ಅದನ್ನು ಮತ್ತೊಮ್ಮೆ ಓದಬೇಕಾಗಿ ಬಂತು.

ಮಾಸ್ತಿಕಟ್ಟೆ ಹೊಸನಗರ ತಾಲ್ಲೂಕಿನ ಊರು. ವಾರಾಹಿ ವಿದ್ಯುತ್ ಯೋಜನೆಯ ಕೆಪಿಸಿ ಕಾಲೊನಿ ಇಲ್ಲಿದೆ. ಮಾಣಿ ಅಣೆಕಟ್ಟೆಯ ನೀರು ಘಟ್ಟದ ಬುಡದಲ್ಲಿ ನೆಲದೊಳಗಿರುವ ವಿದ್ಯುದಾಗಾರಕ್ಕೆ ಇಳಿಯುತ್ತದೆ. ಹಾಗಾಗಿ ಇಲ್ಲಿನ ಮಕ್ಕಳಿಗೆ ಎಂಜಿನಿಯರ್ ಎಂಬ ಪದ ಹೊಸದಲ್ಲ. ಆದರೆ ಆ ಮನೆಯ ಹುಡುಗ, ದ್ವಿತೀಯ ಪಿಯುಸಿಯವನು, ಅಣೆಕಟ್ಟೆಯ ಕಡೆ ನೋಡುತ್ತಿರಲಿಲ್ಲ. “ಮಾಮು, ಕಲಾಂ ಸಾಹೇಬರು ಓದಿದ್ದನ್ನೇ ನಾನೂ ಓದಬೇಕು” ಎಂದ. ಖಾಸಗಿ ಕಾಲೇಜೊಂದರ ಏರೋಸ್ಪೇಸ್ ಎಂಜಿನಿಯರಿಂಗ್ ಸೀಟಿನ ಶುಲ್ಕವನ್ನು ಚೀಟಿಯಲ್ಲಿ ಬರೆದಿಟ್ಟುಕೊಂಡಿದ್ದ. ತಾಯಿಯ ಒಡವೆ ಅಡವಿಡುವ ಮಾತು ಆಗಲೇ ನಡೆದಿತ್ತು. ಹತ್ತನೇ ತರಗತಿಯ ತಂಗಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು.

ಉರ್ದು ಶಾಲೆಯಲ್ಲಿ ಇಕ್ಬಾಲರ ಶಾಹೀನ್ ಹಕ್ಕಿಯನ್ನು ಕಲಿತ ನಮಗೆ ಹಾರಾಟವೆಂದರೆ ಎದೆಗಾರಿಕೆ ಎಂದೇ ಪಾಠ. ಕಲಾಂ ಪುಸ್ತಕವನ್ನೂ ಸಮಾಜ ಹಾಗೆಯೇ ಓದಿಕೊಂಡಿದೆ: ಕನಸು ಕಾಣಿ, ಹಾರುತ್ತೀರಿ. ನಿಧಾನವಾಗಿ ಓದಿದರೆ ಅದರಲ್ಲಿರುವುದು ಬೇರೆಯೇ ಲೆಕ್ಕ. ಮದ್ರಾಸ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಗೆ ಸೇರಲು ಸುಮಾರು ಒಂದು ಸಾವಿರ ರೂಪಾಯಿ ಬೇಕಿತ್ತು. ಅಪ್ಪನ ಬಳಿ ಅಷ್ಟು ಹಣವಿರಲಿಲ್ಲ. ಅಕ್ಕ ಜೊಹರಾ ತನ್ನ ಚಿನ್ನದ ಬಳೆ ಮತ್ತು ಸರವನ್ನು ಅಡವಿಟ್ಟರು. ದುಡಿದು ಬಿಡಿಸಿಕೊಡುತ್ತೇನೆಂದು ತಮ್ಮ ಮನಸ್ಸಿನಲ್ಲೇ ಶಪಥ ಮಾಡಿದರು. ಅದಕ್ಕೂ ಮೊದಲು ತಿರುಚಿನಾಪಳ್ಳಿಯಲ್ಲಿ ಭೌತಶಾಸ್ತ್ರದ ಪದವಿ ಮುಗಿಸುವ ಹೊತ್ತಿಗಷ್ಟೇ ತನ್ನ ದಾರಿ ಎಂಜಿನಿಯರಿಂಗ್ ಎಂದು ಅವರಿಗೆ ಹೊಳೆದದ್ದು. ಮೊದಲೇ ಹೇಳುವವರು ಇರಲಿಲ್ಲ. ಹೇಳುವವರಿಲ್ಲದ ಮನೆಗಳು ನಮ್ಮಲ್ಲಿ ಇಂದಿಗೂ ಎಷ್ಟಿಲ್ಲ?

ಸೋಲುಗಳನ್ನು ಕಲಾಂ ಮುಚ್ಚಿಡುವುದಿಲ್ಲ. ಡೆಹ್ರಾಡೂನಿನಲ್ಲಿ ವಾಯುಪಡೆಯ ಆಯ್ಕೆಗೆ ಹೋದಾಗ ಬೇಕಿದ್ದದ್ದು ಎಂಟು ಮಂದಿ, ಇವರು ಒಂಬತ್ತನೆಯವರು. ಬೆಂಗಳೂರಿನಲ್ಲಿ ಇವರ ತಂಡ ಕಟ್ಟಿದ ‘ನಂದಿ’ ಹೋವರ್‌ಕ್ರಾಫ್ಟ್ ಓಡಿತು. ಆದರೆ ಕೃಷ್ಣ ಮೆನನ್ ರಕ್ಷಣಾ ಖಾತೆ ಬಿಟ್ಟ ಮೇಲೆ ಯೋಜನೆ ಮೂಲೆಗೆ ಬಿತ್ತು. 1979ರ ಆಗಸ್ಟ್ 10ರಂದು ಎಸ್‌ಎಲ್‌ವಿ-3 ಸಮುದ್ರಕ್ಕೆ ಬಿತ್ತು. ಅದು ಗೆದ್ದದ್ದು 1980ರ ಜುಲೈ 18ರಂದು. ಈ ಪುಟಗಳು ಪುಸ್ತಕದ ಬಲ. ವಿದ್ಯಾರ್ಥಿಯಾಗಿದ್ದಾಗ ‘ನಮ್ಮ ವಿಮಾನವನ್ನು ನಾವೇ ಕಟ್ಟೋಣ’ ಎಂಬ ಅರ್ಥದ ಪ್ರಬಂಧವನ್ನು ಅವರು ತಮಿಳಿನಲ್ಲಿ ಬರೆದು ಬಹುಮಾನ ಪಡೆದರು. ತಾಯ್ನುಡಿಯಲ್ಲಿ ವಿಜ್ಞಾನ ಬರೆಯಲಾಗದು ಎನ್ನುವವರು ಆ ಭಾಗವನ್ನು ಓದಬೇಕು.

ದೌರ್ಬಲ್ಯವನ್ನೂ ಹೇಳಬೇಕು. ರಾಮೇಶ್ವರದ ಮನೆ, ತಂದೆ, ಭಾವ ಜಲಾಲುದ್ದೀನ್, ಪಕ್ಷಿ ಲಕ್ಷ್ಮಣ ಶಾಸ್ತ್ರಿ ಇವರೆಲ್ಲ ಉಸಿರಾಡುವ ಮೊದಲ ಅಧ್ಯಾಯಗಳಿಗೂ ಆಮೇಲಿನ ಅಧ್ಯಾಯಗಳಿಗೂ ಸಾಕಷ್ಟು ಅಂತರವಿದೆ. ಮುಂದೆ ಹೋದಂತೆ ಯೋಜನೆಗಳ ವಿವರ, ಆಡಳಿತದ ಪಾಠ, ಹೆಸರುಗಳ ಸಾಲು ತುಂಬಿಕೊಳ್ಳುತ್ತವೆ. ಮನೆ ಹಿಂದೆ ಸರಿಯುತ್ತದೆ. ಬಳೆಯ ಪುಟ ಒಂದು, ರಾಕೆಟ್ಟಿನ ಪುಟ ನೂರು. ನಾವು ಅಡವಿನ ಪುಟವನ್ನು ಗಟ್ಟಿಯಾಗಿ ಓದಿದಾಗ ಬಾಗಿಲಲ್ಲಿದ್ದ ಹುಡುಗಿ ಕೇಳಿದಳು: “ಆ ಅಕ್ಕ ಏನು ಓದಿದ್ದರು?” ಇಂಥ ಪ್ರಶ್ನೆಗೆ ಪುಸ್ತಕದಲ್ಲಿ ಜಾಗ ಕಡಿಮೆ. ತ್ಯಾಗ ಮಾಡಿದ ಹೆಣ್ಣನ್ನು ಕೃತಜ್ಞತೆಯಿಂದ ನೆನೆಯುವುದು ಬೇರೆ, ಅವಳ ಆಸೆಯೇನಿತ್ತು ಎಂದು ಕೇಳುವುದು ಬೇರೆ. ಕಥೆ ಬರೆಯುವ ನಮಗೂ ಈ ಪ್ರಶ್ನೆ ಮೊದಲ ಓದಿನಲ್ಲಿ ಹೊಳೆದಿರಲಿಲ್ಲ ಎಂಬುದನ್ನು ಒಪ್ಪಿಕೊಳ್ಳುತ್ತೇವೆ.

2023ರ ಸೆಪ್ಟೆಂಬರ್ 2ರಂದು ಹಾರಿದ ಆದಿತ್ಯ-ಎಲ್1 ಯೋಜನೆಯ ನಿರ್ದೇಶಕಿ ನಿಗಾರ್ ಶಾಜಿ. ತಮಿಳುನಾಡಿನ ಸೆಂಗೋಟ್ಟೈ ಎಂಬ ಸಣ್ಣ ಊರಿನವರು. ಅವರು ಓದಿದ್ದು ತಿರುನಲ್ವೇಲಿಯ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿನಲ್ಲಿ, ಅದೂ ಎಲೆಕ್ಟ್ರಾನಿಕ್ಸ್. ಇಸ್ರೋ ತನ್ನ ಎಂಜಿನಿಯರ್ ಹುದ್ದೆಗಳಿಗೆ ಮೆಕ್ಯಾನಿಕಲ್, ಎಲೆಕ್ಟ್ರಾನಿಕ್ಸ್, ಕಂಪ್ಯೂಟರ್ ಓದಿದವರನ್ನೇ ಹೆಚ್ಚಾಗಿ ಕರೆಯುತ್ತದೆ. ಏರೋಸ್ಪೇಸ್ ಎಂಬ ಹೆಸರಿನ ಸೀಟು ಸಿಗದಿದ್ದರೆ ಆಕಾಶ ಮುಚ್ಚಿಹೋಗುವುದಿಲ್ಲ. ಅದನ್ನೇ ಓದುವವರಿಗೆ ತಿರುವನಂತಪುರದಲ್ಲಿ 2007ರಲ್ಲಿ ಆರಂಭವಾದ ಬಾಹ್ಯಾಕಾಶ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಿದೆ. ಕಲಾಂ ಅದರ ಮೊದಲ ಕುಲಾಧಿಪತಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1942ರಿಂದಲೂ ಈ ವಿಷಯದ ವಿಭಾಗವಿದ್ದು, ಪದವಿಯ ನಂತರವೂ ಅಲ್ಲಿಗೆ ಹೋಗಬಹುದು.

ಪ್ರವೇಶ ಪರೀಕ್ಷೆಗಳನ್ನು ಬರೆದು, ಸರ್ಕಾರಿ ಸೀಟು ಮತ್ತು ವಿದ್ಯಾರ್ಥಿವೇತನ ವಿಚಾರಿಸಿ, ಆಮೇಲೆ ಒಡವೆಯ ಮಾತು ಎಂದು ಹೇಳಿ ಬಂದೆವು. ಹುಡುಗನ ಮುಖ ಸಣ್ಣದಾಯಿತು. ಆದರೂ ಚೀಟಿಯನ್ನು ಮಡಚಿ ಇಟ್ಟ. ಪುಸ್ತಕವನ್ನು ಮಾತ್ರ ತಂಗಿಯ ಕೈಗೆ ಕೊಟ್ಟೆವು. ನಮ್ಮ ಹೆಣ್ಣುಮಕ್ಕಳು ಇದನ್ನು ಬಳೆ ಕೊಟ್ಟವಳ ಕಡೆಯಿಂದ ಓದಲಿ, ಓದಿ ತಮ್ಮ ಆಸೆಯನ್ನೂ ಮನೆಯಲ್ಲಿ ಬಾಯಿಬಿಟ್ಟು ಹೇಳಲಿ.